ಒಳಗೋಡೆಯಲ್ಲಿ ಕಿಟಕಿ ಏಕೆ? 97 ಆರ್ಚರ್ಡ್ ಬೀದಿಯ ಬಗ್ಗೆ ಮತ್ತದೇ ಪ್ರಶ್ನೆ

ಪ್ರಶ್ನೆ: ನ್ಯೂಯಾರ್ಕಿನ 97 ಆರ್ಚರ್ಡ್ ಬೀದಿಯಲ್ಲಿರುವ ಟೆನೆಮೆಂಟ್ ಮ್ಯೂಸಿಯಂ (ಟೆನೆಮೆಂಟ್ ಎಂದರೆ ಹಲವು ಕುಟುಂಬಗಳಿಗೆ ಬಾಡಿಗೆಗೆ ಕೊಡುವ ಕಟ್ಟಡ) ನೋಡಿ ಬಂದೆವು. ಅಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ತೆರೆಯುವ, ಗಾಜು ಹಾಕಿದ ಕಿಟಕಿಗಳಿವೆ. ಅದು ಮೊದಲು ಶ್ರೀಮಂತರ ಬಂಗಲೆಯಾಗಿದ್ದು, ಆಮೇಲೆ ಕೋಣೆಗಳನ್ನು ಸೇರಿಸುತ್ತಾ ಹೋದಾಗ ಹಳೆಯ ಹೊರಗೋಡೆ ಒಳಗೋಡೆಯಾಯಿತೇ?

ಉತ್ತರ: ಕಿಟಕಿಯ ವಿಷಯವನ್ನು ಬೇಗ ಮುಗಿಸಬಹುದು. 1901ರಲ್ಲಿ ನ್ಯೂಯಾರ್ಕ್ ರಾಜ್ಯ ಜಾರಿಗೆ ತಂದ ಕಾನೂನು, ಹೊರಗಿನ ಗಾಳಿಬೆಳಕು ತಾಗದ ಕೋಣೆಗಳಿಗೂ ಕಿಟಕಿ ಇರಬೇಕೆಂದು ವಿಧಿಸಿತು. ಹೊರಗೋಡೆಯೇ ಇಲ್ಲದ ಕೋಣೆಗೆ ಕಿಟಕಿಯನ್ನು ಎಲ್ಲಿ ಇಡುವುದು? ಪಕ್ಕದ ಕೋಣೆಯ ಕಡೆಗೆ ಗೋಡೆ ಕೊರೆದು ಇಟ್ಟರು.

ಆದರೆ ಪ್ರಶ್ನೆಯ ಬಾಲದಲ್ಲಿರುವ ಬಂಗಲೆಯನ್ನು ಎಷ್ಟು ಸಲ ಕೆಡವಿದರೂ ಯಾರೋ ಒಬ್ಬರು ಅದನ್ನು ಮತ್ತೆ ಕಟ್ಟಿ ನಿಲ್ಲಿಸುತ್ತಾರೆ. ಆದ್ದರಿಂದ ಈ ಬಾರಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 97 ಆರ್ಚರ್ಡ್ ಬೀದಿಯ ಕಟ್ಟಡ ಒಂದು ದಿನವೂ ಬಂಗಲೆಯಾಗಿರಲಿಲ್ಲ. ಜರ್ಮನಿಯಿಂದ ವಲಸೆ ಬಂದಿದ್ದ ಲ್ಯೂಕಾಸ್ ಗ್ಲಾಕ್ನರ್ ಎಂಬ ದರ್ಜಿ, ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದ 1863ರಲ್ಲಿ, ಬಾಡಿಗೆಗೆ ಕೊಡುವ ಉದ್ದೇಶದಿಂದಲೇ ಅದನ್ನು ಕಟ್ಟಿಸಿದ. ಇದಕ್ಕೆ ದಾಖಲೆಪತ್ರ ಹುಡುಕಬೇಕಾಗಿಲ್ಲ, ಮನೆಯ ನಕ್ಷೆಯೇ ಸಾಕ್ಷಿ. ನಡುವೆ ಒಂದು ಮರದ ಮೆಟ್ಟಿಲು, ಮೇಲಿನ ಪ್ರತಿ ಮಹಡಿಯಲ್ಲೂ ಬೀದಿಯ ಕಡೆಗೆ ಎರಡು, ಹಿತ್ತಲ ಕಡೆಗೆ ಎರಡು, ಹೀಗೆ ನಾಲ್ಕು ಮನೆಗಳು, ಪ್ರತಿ ಮನೆಯಲ್ಲೂ ಸಾಲಾಗಿ ಮೂರು ಕೋಣೆಗಳು. ಮೂರೂ ಸೇರಿ ಸುಮಾರು 325 ಚದರ ಅಡಿ. ಬಂಗಲೆಯನ್ನು ಒಡೆದು ಮಾಡಿದ ಮನೆಗಳಲ್ಲಿ ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ, ಎಲ್ಲೋ ಒಂದು ದಿವಾನಖಾನೆಯ ಚಾವಣಿಯ ಅಲಂಕಾರ ಅಡ್ಡಗೋಡೆಗೆ ಸಿಕ್ಕಿ ಅರ್ಧಕ್ಕೇ ನಿಂತಿರುತ್ತದೆ. ಇಲ್ಲಿಯಾದರೋ ಅಚ್ಚಿನಲ್ಲಿ ಒತ್ತಿ ತೆಗೆದಂತೆ ಒಂದೇ ವಿನ್ಯಾಸ ಮಹಡಿಯಿಂದ ಮಹಡಿಗೆ ಮರುಕಳಿಸುತ್ತದೆ.

ತಪ್ಪು ಕಲ್ಪನೆ ಹುಟ್ಟಲು ಎರಡು ಕಾರಣಗಳಿವೆ. ಮೊದಲನೆಯದು ಮುಂಭಾಗದ ಸಿಂಗಾರ. ಇಟ್ಟಿಗೆಯ ಗೋಡೆ, ಕಿಟಕಿಗಳ ತಲೆಯ ಮೇಲೆ ಕಲ್ಲಿನ ಪಟ್ಟಿ, ತುದಿಯಲ್ಲಿ ಕಾರ್ನಿಸ್, ಅಂದರೆ ಮುಂಚಾಚಿದ ಅಲಂಕಾರದ ಅಂಚು. ಇಟಾಲಿಯನೇಟ್ ಎಂದು ಕರೆಯುವ ಈ ಶೈಲಿ ಆಗ ಚಾಲ್ತಿಯಲ್ಲಿತ್ತು. ಬಾಡಿಗೆದಾರರ ಕಣ್ಣಿಗೆ ಮೊದಲು ಬೀಳುವ ಕಡೆ ಮಾಲೀಕ ಹಣ ಸುರಿಯುವುದು ಯಾವ ಊರಿನಲ್ಲೂ ಹೊಸದಲ್ಲ. ಎರಡನೆಯ ಕಾರಣ ಡಬ್ಲಿನ್. ಅಲ್ಲಿನ 14 ಹೆನ್ರಿಯೆಟಾ ಬೀದಿಯ ಮನೆ 1740ರ ದಶಕದ ಕೊನೆಯಲ್ಲಿ ಸಿರಿವಂತರಿಗಾಗಿಯೇ ಎದ್ದದ್ದು, 1877ರಲ್ಲಿ ಅದನ್ನು ವಿಂಗಡಿಸಿ ಬಾಡಿಗೆ ಮನೆಗಳನ್ನು ಮಾಡಿದರು, 1911ರ ಜನಗಣತಿಯ ಹೊತ್ತಿಗೆ ಅದೊಂದರಲ್ಲೇ 100 ಮಂದಿ ಇದ್ದರು. ಅದೂ ಈಗ ಮ್ಯೂಸಿಯಂ. ಡಬ್ಲಿನ್ನಿನ ನಿಜವನ್ನು ನ್ಯೂಯಾರ್ಕಿಗೆ ಹೊರಿಸುವುದರಿಂದಲೇ ಈ ಗೊಂದಲವೆಲ್ಲ. ನ್ಯೂಯಾರ್ಕಿನಲ್ಲೂ ಒಡೆದ ಹಳೆಯ ಮನೆಗಳು ಇದ್ದವು, ಇಲ್ಲವೆನ್ನುವುದಿಲ್ಲ. ಈ ಕಟ್ಟಡ ಮಾತ್ರ ಅವುಗಳ ಸಾಲಿಗೆ ಸೇರಿದ್ದಲ್ಲ.

ಹಾಗಾದರೆ ಕತ್ತಲೆ ಬಂದದ್ದು ಎಲ್ಲಿಂದ? ನಿವೇಶನದ ಆಕಾರದಿಂದ. ಮ್ಯಾನ್‌ಹಟನ್ನಿನ ಸಾಮಾನ್ಯ ನಿವೇಶನ 25 ಅಡಿ ಅಗಲ, 100 ಅಡಿ ಉದ್ದ. ಎಡಬಲಗಳಲ್ಲಿ ಪಕ್ಕದ ಕಟ್ಟಡ ಒತ್ತಿಕೊಂಡಿರುವಾಗ ಕಿಟಕಿಗೆ ಉಳಿಯುವುದು ಮುಂದಿನ ಮತ್ತು ಹಿಂದಿನ ಗೋಡೆ ಮಾತ್ರ. ಮೂರು ಕೋಣೆಗಳಲ್ಲಿ ಒಂದಕ್ಕೆ ಬೆಳಕು, ನಡುವಿನ ಅಡುಗೆಮನೆಗೆ ಅದರ ಶೇಷ, ಒಳಗಿನ ಮಲಗುವ ಕೋಣೆಗೆ ಏನೂ ಇಲ್ಲ. ಕಟ್ಟುವಾಗ ಒಳಗೆ ನೀರಿರಲಿಲ್ಲ, ಕಕ್ಕಸು ಹಿತ್ತಲಲ್ಲಿತ್ತು. ಇದ್ಯಾವುದೂ ಆಗ ಕಾನೂನುಬಾಹಿರವಲ್ಲ, ಏಕೆಂದರೆ ನಗರದ ಮೊದಲ ಟೆನೆಮೆಂಟ್ ಕಾಯ್ದೆ ಬಂದದ್ದೇ 1867ರಲ್ಲಿ. 1879ರ ಕಾಯ್ದೆ ಒಳಕೋಣೆಗಳಿಗೆ ಹೊರಗಾಳಿ ಬೇಕೆಂದಿತಾದರೂ ಅದು ಹೊಸದಾಗಿ ಕಟ್ಟುವವರಿಗೆ ಅನ್ವಯಿಸಿತು.

ಹಳೆಯ ಕಟ್ಟಡಗಳನ್ನೂ ಬಿಡದೆ ಹಿಡಿದದ್ದು 1901ರ ಕಾನೂನು. ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಜರ್ಮನ್ ವಿಜ್ಞಾನಿ ಕಾಖ್ 1882ರಲ್ಲಿ ಗುರುತಿಸಿದ ಮೇಲೆ, ಕತ್ತಲ ಕೋಣೆಗಳ ಬಗೆಗಿನ ಆತಂಕ ಆರೋಗ್ಯಾಧಿಕಾರಿಗಳಲ್ಲಿ ಬಲವಾಗಿತ್ತು. ಹೊಸ ಕಾನೂನು ಕಿಟಕಿಯ ಜೊತೆಗೆ ಎರಡು ಕುಟುಂಬಗಳಿಗೆ ಒಂದರಂತೆ ಕಟ್ಟಡದೊಳಗೆ ಶೌಚಾಲಯವನ್ನೂ ಕೇಳಿತು. ಮಾಲೀಕರು ಸುಮ್ಮನಿರಲಿಲ್ಲ, ಕೇಟಿ ಮೋಶೆನ್ ಎಂಬ ಮಾಲೀಕಿಯ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1906ರಲ್ಲಿ ಸೋತಿತು. 97 ಆರ್ಚರ್ಡ್‌ನಲ್ಲಿ ಪ್ರತಿ ಮಹಡಿಗೆ ಎರಡು ಶೌಚಾಲಯ ಬಂದವು, ಅವುಗಳಿಗಾಗಿ ಗಾಳಿಯ ಶಾಫ್ಟ್, ಅಂದರೆ ಮಹಡಿಗಳನ್ನು ಹಾದುಹೋಗುವ ಬಾವಿಯಂಥ ಖಾಲಿ ಜಾಗ, ಕೊರೆದರು. ಒಳಕಿಟಕಿಯಿಂದ ಬೆಳಕು ಒಂದಿಷ್ಟು ಒಳಗೆ ಬಂದಿರಬೇಕು, ಆದರೆ ಅದರಿಂದ ಬರುತ್ತಿದ್ದ ಗಾಳಿ ಪಕ್ಕದ ಕೋಣೆಯ ಗಾಳಿಯೇ ತಾನೆ? ಕಾನೂನಿನ ಅಕ್ಷರಕ್ಕೆ ತೃಪ್ತಿಯಾಯಿತು ಎನ್ನಬಹುದು.

ಈ ಕಟ್ಟಡ ಇಷ್ಟು ಇಡಿಯಾಗಿ ಉಳಿದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ, ನನ್ನ ಮಟ್ಟಿಗೆ ಅದು ಕಿಟಕಿಗಿಂತ ಒಳ್ಳೆಯ ಪ್ರಶ್ನೆ. 1935ರಲ್ಲಿ, ಬೆಂಕಿಯಿಂದ ರಕ್ಷಣೆಗೆಂದು ಬಂದ ಹೊಸ ನಿಯಮಗಳಂತೆ ದುರಸ್ತಿ ಮಾಡಿಸುವುದಕ್ಕಿಂತ ಬಾಡಿಗೆದಾರರನ್ನು ಎಬ್ಬಿಸುವುದೇ ಅಗ್ಗವೆಂದು ಮಾಲೀಕ ಬಗೆದ. ಕೆಳಗಿನ ಅಂಗಡಿಗಳು ನಡೆದವು, ಮೇಲಿನ ಮನೆಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮುಚ್ಚಿಯೇ ಇದ್ದವು. ಮ್ಯೂಸಿಯಂ ಸ್ಥಾಪಿಸಿದ ರೂತ್ ಏಬ್ರಮ್ ಮತ್ತು ಅನಿತಾ ಜೇಕಬ್ಸನ್ 1988ರಲ್ಲಿ ಅಲ್ಲಿಗೆ ಕಾಲಿಟ್ಟಾಗ ಪದರದ ಮೇಲೆ ಪದರ ಅಂಟಿಸಿದ ಗೋಡೆಕಾಗದ ಹಾಗೆಯೇ ಇತ್ತು. ಕರುಣೆಯಿಂದ ಯಾರಾದರೂ ಆ ಮನೆಗಳನ್ನು ರಿಪೇರಿ ಮಾಡಿಸಿದ್ದರೆ ಇವತ್ತು ನೋಡಲು ಏನೂ ಇರುತ್ತಿರಲಿಲ್ಲ.

ಮ್ಯೂಸಿಯಂ ಮಾಡುವಾಗ ಇಡೀ ಕಟ್ಟಡವನ್ನು 1863ರ ಸ್ಥಿತಿಗೆ ಮರಳಿಸಲಿಲ್ಲ. ಹಾಗೆ ಮಾಡಬೇಕೆಂದರೆ ಶೌಚಾಲಯ, ಶಾಫ್ಟ್, ನೀವು ಕೇಳಿದ ಆ ಕಿಟಕಿ, ಎಲ್ಲವನ್ನೂ ಕಿತ್ತುಹಾಕಬೇಕಾಗುತ್ತಿತ್ತು. ಬದಲಿಗೆ ಒಂದು ಮನೆಯನ್ನು 1870ರ ದಶಕದ ಗಂಪರ್ಟ್ಸ್ ಕುಟುಂಬದ ಕಾಲಕ್ಕೆ, ಇನ್ನೊಂದನ್ನು 1930ರ ದಶಕದ ಬಾಲ್ಡಿಜ್ಜಿ ಕುಟುಂಬದ ಕಾಲಕ್ಕೆ ಸಜ್ಜುಗೊಳಿಸಿ, ಕೆಲವನ್ನು ಸಿಕ್ಕಿದ ಸ್ಥಿತಿಯಲ್ಲೇ ಬಿಟ್ಟಿದ್ದಾರೆ.