ಆಲೆಮನೆಯ ಆತುರ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಆಲೆಮನೆಗೆ ಹೋದವರು ಗಮನಿಸಿರಬಹುದು, ಅಲ್ಲಿ ಎಲ್ಲರಿಗೂ ಅವಸರ. ಕಬ್ಬು ಕಡಿಯುವವರಿಗೆ ಅವಸರ, ಗಾಣಕ್ಕೆ ಕೊಡುವವರಿಗೆ ಅವಸರ. ಕೊಪ್ಪರಿಗೆ ಮುಂದೆ ನಿಂತವರಿಗಂತೂ ಮಾತಾಡಲೂ ಪುರುಸೊತ್ತಿಲ್ಲ. ಉಳಿದ ಕಬ್ಬನ್ನು ನಾಳೆ ಅರೆದರಾಗದಾ ಅಂತ ಚಿಕ್ಕವನಿದ್ದಾಗ ದೊಡ್ಡಪ್ಪನನ್ನು ಕೇಳಿದ್ದೆ. "ಇವತ್ತು ಕಡಿದದ್ದು ಇವತ್ತೇ ಅರೀಬೇಕು ಮಾರಾಯ. ಇಟ್ಟರೆ ಬೆಲ್ಲ ಗಟ್ಟಿ ಆಗಲ್ಲ" ಅಂದಿದ್ದರು. ಅದು ಯಾಕೆ ಅಂತ ತಿಳಿದದ್ದು ಬಹಳ ವರ್ಷಗಳ ಮೇಲೆ, ರಸಾಯನಶಾಸ್ತ್ರ ಓದುವಾಗ.

ಕಬ್ಬಿನ ಹಾಲಿನ ಸಿಹಿ ಬಹುಪಾಲು ಸುಕ್ರೋಸ್‌ನದು. ಗ್ಲುಕೋಸ್ ಮತ್ತು ಫ್ರುಕ್ಟೋಸ್ ಅನ್ನುವ ಎರಡು ಸಣ್ಣ ಸಕ್ಕರೆಗಳು ಕೈಕೈ ಹಿಡಿದುಕೊಂಡರೆ ಒಂದು ಸುಕ್ರೋಸ್. ನೀರಿನಲ್ಲಿ ಆ ಹಿಡಿತ ನಿಧಾನವಾಗಿ ಬಿಡುತ್ತದೆ. ಸುಕ್ರೋಸ್ ಚೆನ್ನಾಗಿ ಹರಳು ಕಟ್ಟುತ್ತದೆ, ಬೆಲ್ಲದ ಅಚ್ಚು ನಿಲ್ಲುವುದು ಅದರಿಂದಲೇ. ಒಡೆದ ಸಕ್ಕರೆ ಸುಲಭಕ್ಕೆ ಹರಳು ಕಟ್ಟುವುದಿಲ್ಲ, ಪಕ್ಕದ ಸುಕ್ರೋಸ್‌ಗೂ ಕಟ್ಟಲು ಬಿಡುವುದಿಲ್ಲ. ಆಲೆಮನೆಯ ಗಡಿಬಿಡಿಯೆಲ್ಲ ಈ ಒಂದು ಕ್ರಿಯೆಯ ಜೊತೆ ಹೂಡಿದ ಓಟ.

ನನಗೆ ಬಹಳ ಖುಷಿ ಕೊಡುವ ಸಂಗತಿ ಇನ್ನೊಂದಿದೆ. ರಾಸಾಯನಿಕ ಕ್ರಿಯೆಯೊಂದು ಎಷ್ಟು ವೇಗವಾಗಿ ನಡೆಯುತ್ತದೆ ಅಂತ ಲೆಕ್ಕ ಹಾಕುವ ವಿಜ್ಞಾನ ಶುರುವಾದದ್ದೂ ಇದೇ ಕ್ರಿಯೆಯಿಂದ. 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಸಕ್ಕರೆ ನೀರಿಗೆ ಆಮ್ಲ ಹಾಕಿ ಅದು ಒಡೆಯುವುದನ್ನು ಅಳೆದರು. ಸುಕ್ರೋಸ್ ದ್ರಾವಣದ ಮೂಲಕ ಧ್ರುವೀಕರಿಸಿದ ಬೆಳಕು, ಅಂದರೆ ಒಂದೇ ಸಮತಲದಲ್ಲಿ ಅಲುಗುವ ಬೆಳಕು, ಹಾಯಿಸಿದರೆ ಆ ಸಮತಲ ಬಲಕ್ಕೆ ತಿರುಗುತ್ತದೆ. ಒಡೆದ ಸಕ್ಕರೆಯಲ್ಲಿ ಎಡಕ್ಕೆ. ಹಾಗಾಗಿ ದ್ರಾವಣವನ್ನು ಮುಟ್ಟದೆ, ಬೆಳಕು ಎಷ್ಟು ತಿರುಗಿತು ಅಂತ ನೋಡಿಯೇ ಎಷ್ಟು ಸಕ್ಕರೆ ಉಳಿದಿದೆ ಅಂತ ಹೇಳಬಹುದು. ಉಳಿದ ಸಕ್ಕರೆ ಎಷ್ಟಿದೆಯೋ ಒಡೆಯುವ ವೇಗವೂ ಅದಕ್ಕೆ ತಕ್ಕಂತೆ ಇರುತ್ತದೆ ಅನ್ನುವುದು ಅವರಿಗೆ ಸಿಕ್ಕ ನಿಯಮ. ಅರ್ಧ ಸಕ್ಕರೆ ಒಡೆಯಲು ಒಂದು ಗಂಟೆ ಬೇಕಾದರೆ, ಉಳಿದದ್ದರಲ್ಲಿ ಅರ್ಧ ಒಡೆಯಲು ಮತ್ತೊಂದು ಗಂಟೆ. ಪದಾರ್ಥ ದಟ್ಟವಾಗಿದ್ದರೆ ಕ್ರಿಯೆ ಜೋರು, ತೆಳುವಾದಂತೆ ಮಂದ.

ಇನ್ನು ಬಿಸಿಯ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬಿಸಿ ಮಾಡಿದರೆ ಕಣಗಳು ಜೋರಾಗಿ ಓಡುತ್ತವೆ, ಜಾಸ್ತಿ ಡಿಕ್ಕಿ ಹೊಡೆಯುತ್ತವೆ, ಅದಕ್ಕೇ ಕ್ರಿಯೆ ವೇಗವಾಗುತ್ತದೆ ಅಂತ ಶಾಲೆಯಲ್ಲಿ ಓದಿರುತ್ತೇವೆ, ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿ. 27 ಡಿಗ್ರಿಯಿಂದ 37 ಡಿಗ್ರಿಗೆ ಹೋದರೆ ಕಣಗಳ ಓಟ ಹೆಚ್ಚುವುದು ಶೇಕಡ 2ಕ್ಕಿಂತ ಕಡಿಮೆ. ಆಮ್ಲದಲ್ಲಿ ಸಕ್ಕರೆ ಒಡೆಯುವ ವೇಗ ಮಾತ್ರ ಸುಮಾರು 4 ಪಟ್ಟು ಏರುತ್ತದೆ! ಇಷ್ಟು ದೊಡ್ಡ ಅಂತರ ಎಲ್ಲಿಂದ ಬಂತು?

ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಉತ್ತರ ಕೊಟ್ಟರು. ಅವರು ಆರಿಸಿಕೊಂಡದ್ದೂ ಇದೇ ಕಬ್ಬಿನ ಸಕ್ಕರೆಯ ಕ್ರಿಯೆಯನ್ನೇ. ನಮ್ಮ ಕಡೆಯ ಊರುಗಳನ್ನೇ ನೆನೆಸಿಕೊಳ್ಳಿ. ಗುಡ್ಡದ ಈಚೆ ಒಂದು ಊರು, ಆಚೆ ತಗ್ಗಿನಲ್ಲಿ ಇನ್ನೊಂದು. ಆಚೆ ಊರು ಎಷ್ಟೇ ತಗ್ಗಿನಲ್ಲಿರಲಿ, ಮೊದಲು ಗುಡ್ಡ ಹತ್ತಲೇಬೇಕು. ಕ್ರಿಯೆಗೂ ಹಾಗೇ ಒಂದು ಶಕ್ತಿಯ ಗುಡ್ಡವಿದೆ. ಡಿಕ್ಕಿಗಳೇನೋ ಲೆಕ್ಕವಿಲ್ಲದಷ್ಟು ಆಗುತ್ತವೆ. ಗುಡ್ಡ ಹತ್ತುವಷ್ಟು ಕಸುವು ಇರುವವು ಮಾತ್ರ ಬೆರಳೆಣಿಕೆಯಷ್ಟು. ಸ್ವಲ್ಪ ಬಿಸಿ ಏರಿದರೂ ಆ ಕಸುವುಳ್ಳವುಗಳ ಸಂಖ್ಯೆ ಹಲವು ಪಟ್ಟಾಗುತ್ತದೆ. ಗುಡ್ಡ ಎತ್ತರವಿದ್ದಷ್ಟೂ ಬಿಸಿಯ ಪರಿಣಾಮ ಜಾಸ್ತಿ. ಸಕ್ಕರೆಯದು ಎತ್ತರದ ಗುಡ್ಡ. ಹಾಗಾಗಿ ಹೊರಗಿನ 30 ಡಿಗ್ರಿಗೆ ಹೋಲಿಸಿದರೆ ಕುದಿಯುವ ಕೊಪ್ಪರಿಗೆಯಲ್ಲಿ ಅದು ಸಾವಿರಾರು ಪಟ್ಟು ವೇಗವಾಗಿ ಒಡೆಯುತ್ತದೆ.

ನೀರು ಹಾರಿಹೋಗಲು ಕುದಿಸಲೇಬೇಕು, ಕುದಿಸಿದರೆ ಸಕ್ಕರೆ ಒಡೆಯುತ್ತದೆ. ಏನು ಮಾಡುವುದು? ಆಲೆಮನೆಯವರು ಒಂದಿಷ್ಟು ಸುಣ್ಣ ಹಾಕುತ್ತಾರೆ. ಇದು ನನ್ನ ದೃಷ್ಟಿಯಲ್ಲಿ ಬಹಳ ಜಾಣ ಕೆಲಸ. ಕಬ್ಬಿನ ಹಾಲು ತುಸು ಹುಳಿ. ಆ ಹುಳಿಯೇ ಸಕ್ಕರೆ ಒಡೆಯಲು ಒಳದಾರಿ ತೋರಿಸುವುದು. ಗುಡ್ಡದ ನೆತ್ತಿ ಹತ್ತುವ ಬದಲು ಸ್ವಲ್ಪ ತಗ್ಗಾದ ಕಡೆಯಿಂದ ದಾಟುವ ದಾರಿ ಇದ್ದ ಹಾಗೆ. ದಾರಿ ತೋರಿಸಿದ ಆಮ್ಲ ಕೊನೆಗೆ ಹಾಗೇ ಉಳಿಯುತ್ತದೆ, ಖರ್ಚಾಗುವುದಿಲ್ಲ. ಇಂಥದ್ದನ್ನು ವೇಗವರ್ಧಕ ಅನ್ನುತ್ತೇವೆ. ಸುಣ್ಣ ಆ ಆಮ್ಲವನ್ನು ತಣಿಸುತ್ತದೆ. ಹುಳಿ ಕಡಿಮೆಯಾದಂತೆ ಅದನ್ನು ಅಳೆಯುವ ಪಿಎಚ್ ಅನ್ನುವ ಅಂಕ ಏರುತ್ತದೆ. ಪಿಎಚ್ ಒಂದು ಅಂಕ ಏರಿದರೆ ಆಮ್ಲದಿಂದ ಒಡೆಯುವ ವೇಗ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಂತ ಕೈ ಬಿಚ್ಚಿ ಹಾಕುವಂತಿಲ್ಲ. ಸುಣ್ಣ ಜಾಸ್ತಿಯಾದರೆ ಆಗಲೇ ಒಡೆದಿದ್ದ ಸಕ್ಕರೆ ಬೇರೆ ಕ್ರಿಯೆಗೆ ಸಿಕ್ಕಿ ಬೆಲ್ಲ ಕಪ್ಪಾಗುತ್ತದೆ.

ಒಲೆಯದೂ ಸ್ವಲ್ಪ ಪಾಲಿದೆ. ಒಣಗಿದ ಕಬ್ಬಿನ ಸಿಪ್ಪೆ ಭಗ್ಗನೆ ಉರಿಯುತ್ತದೆ, ದಪ್ಪ ಕುಂಟೆ ಸುಮ್ನೆ ಹೊಗೆಯಾಡುತ್ತದೆ. ಸಿಪ್ಪೆಗೆ ಗಾಳಿ ತಾಗುವ ಮೈ ಜಾಸ್ತಿ, ಅಷ್ಟೇ.

ದೊಡ್ಡಪ್ಪ ಹೇಳಿದ ಕಬ್ಬಿನ ಮಾತಿಗೆ ಬರೋಣ. ಕಡಿದಿಟ್ಟ ಕಬ್ಬು ಬಿಸಿಯಿಲ್ಲದೆಯೇ ಹಾಳಾಗುವುದಕ್ಕೆ ಇನ್ವರ್ಟೇಸ್ ಅನ್ನುವ ಕಿಣ್ವ, ಅಂದರೆ ಜೀವಕೋಶಗಳೇ ತಯಾರಿಸುವ ವೇಗವರ್ಧಕ, ಕಾರಣ. ಅದು ಆಮ್ಲಕ್ಕಿಂತಲೂ ಸಲೀಸಾದ ಒಳದಾರಿ. ಜೇನುಹುಳುಗಳೂ ಇಂಥದೇ ಕಿಣ್ವದಿಂದ ಹೂವಿನ ಮಕರಂದದ ಸಕ್ಕರೆ ಒಡೆಯುತ್ತವೆ. 1913ರಲ್ಲಿ ಬರ್ಲಿನ್‌ನಲ್ಲಿ ಲಿಯೊನೋರ್ ಮಿಖಾಯೆಲಿಸ್ ಮತ್ತು ಕೆನಡಾದಿಂದ ಹೋಗಿದ್ದ ಮಾಡ್ ಮೆಂಟನ್ ಅನ್ನುವ ಮಹಿಳೆ ಈ ಇನ್ವರ್ಟೇಸ್‌ನ ವೇಗ ಅಳೆದರು. ಮತ್ತೆ ಅದೇ ಸಕ್ಕರೆ ನೋಡಿ! ಸಕ್ಕರೆ ಹೆಚ್ಚಿಸಿದಂತೆ ವೇಗ ಮೊದಮೊದಲು ಏರಿತು, ಆಮೇಲೆ ಒಂದು ಮಿತಿಯ ಹತ್ತಿರ ನಿಂತಿತು. ಅಡಿಕೆ ಸುಲಿಯುವ ಮನೆಯಲ್ಲಿ ಇದನ್ನೇ ಕಾಣುತ್ತೇವೆ. ಹತ್ತು ಜನ ಸುಲಿಯಲು ಕೂತಿದ್ದಾರೆ ಅಂದುಕೊಳ್ಳಿ. ಎಲ್ಲರ ಮುಂದೂ ಕೈತುಂಬ ಅಡಿಕೆ ಇದ್ದರೆ, ಅಂಗಳದಲ್ಲಿ ರಾಶಿ ಇನ್ನೆಷ್ಟೇ ದೊಡ್ಡದಾದರೂ ಕೆಲಸ ಅದೇ ವೇಗದಲ್ಲಿ ಸಾಗುತ್ತದೆ. ಕಿಣ್ವಗಳೂ ಹೀಗೆ ಕೈಖಾಲಿ ಇಲ್ಲದ ಕೆಲಸಗಾರರು. ಈ ಇಬ್ಬರ ಸೂತ್ರವಿಲ್ಲದೆ ಇವತ್ತಿಗೂ ಜೀವರಸಾಯನದ ಪಾಠ ನಡೆಯುವುದಿಲ್ಲ.

ಜೋನಿ ಬೆಲ್ಲಕ್ಕೆ ಮಾತ್ರ ಈ ಓಟದಲ್ಲಿ ಸ್ವಲ್ಪ ಸೋತರೂ ನಡೆಯುತ್ತದೆ. ಸುಮಾರು 105 ಡಿಗ್ರಿ ಮುಟ್ಟಿದಾಗಲೇ ಕೆಳಗಿಳಿಸುತ್ತಾರೆ. ಅದರಲ್ಲಿ ಒಡೆದ ಸಕ್ಕರೆ ಒಂದಿಷ್ಟಿದ್ದರೇ ಒಳ್ಳೆಯದು, ದೋಸೆ ಮೇಲೆ ಹರಿಯುವ ಹಾಗೆ ಇರುತ್ತದೆ. ಅಚ್ಚು ಬೆಲ್ಲಕ್ಕೆ 115 ಡಿಗ್ರಿ ದಾಟಬೇಕು, ಅಲ್ಲಿ ಐದು ನಿಮಿಷ ತಡವಾದರೂ ಕಷ್ಟ.

ಆ ತಡ ಅವತ್ತೇ ಕಾಣಿಸುವುದಿಲ್ಲ. ಒಡೆದ ಸಕ್ಕರೆಗೆ ಗಾಳಿಯ ತೇವ ಎಳೆದುಕೊಳ್ಳುವ ಗುಣವಿದೆ. ಆಗುಂಬೆಯ ಸುತ್ತ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಜನವರಿಯಲ್ಲಿ ಗಟ್ಟಿಯಾಗಿ, ಚಂದದ ಬಣ್ಣದಲ್ಲಿ ಅಟ್ಟಕ್ಕೇರಿದ ಬೆಲ್ಲ ಆಷಾಢದ ಮಳೆಯಲ್ಲಿ ನೀರೊಡೆದು ಡಬ್ಬದ ಬುಡಕ್ಕೆ ಇಳಿದಾಗ, ಆವತ್ತು ಕೊಪ್ಪರಿಗೆಯಲ್ಲಿ ಏನಾಗಿತ್ತು ಅಂತ ಮನೆಯವರಿಗೆ ಗೊತ್ತಾಗುತ್ತದೆ.