ಫ್ಲಾಯ್ಡ್‌ನ ಕುದುರೆಗಳಿಗೆ ಮೇವು ಎಲ್ಲಿಂದ ಬರುತ್ತಿತ್ತು?

ಕುದುರೆಗಳಿಗೆ ಚಿಕಿತ್ಸೆ ಕೊಡುವುದು ನನ್ನ ಕಸುಬು. ಹಾಗಾಗಿ ಹಳೆಯ ಯುದ್ಧಗಳ ವಿವರ ಓದುವಾಗ ಯಾರು ಕತ್ತಿ ಬೀಸಿದರು ಎನ್ನುವುದಕ್ಕಿಂತ ಅಂದು ಕುದುರೆ ಏನು ತಿಂದಿತು, ನೀರು ಎಲ್ಲಿ ಸಿಕ್ಕಿತು ಎಂಬ ಕಡೆಗೇ ಕಣ್ಣು ಹೋಗುತ್ತದೆ. ಜಾನ್ ಫ್ಲಾಯ್ಡ್ ಎಂಬ ಬ್ರಿಟಿಷ್ ಅಶ್ವದಳದ ಅಧಿಕಾರಿಯ ಬದುಕು ಅರ್ಥವಾಗಬೇಕಾದರೆ ಹೀಗೇ ಓದಬೇಕು.

ಫ್ಲಾಯ್ಡ್ ಹುಟ್ಟಿದ್ದು 1748ರಲ್ಲಿ. ತಂದೆಯೂ ಸೈನ್ಯದಲ್ಲಿದ್ದವನು, ಜರ್ಮನಿಯ ದಂಡಯಾತ್ರೆಯಲ್ಲಿ ತೀರಿಕೊಂಡ. ಹುಡುಗ 15ನೇ ಲೈಟ್ ಡ್ರಗೂನ್ಸ್ ಎಂಬ ಹಗುರ ಅಶ್ವದಳ ಸೇರಿದ. 1760ರ ಎಮ್ಸ್‌ಡಾರ್ಫ್ ಕದನದಲ್ಲಿ ಅವನು ಕೂತಿದ್ದ ಕುದುರೆ ಗುಂಡು ತಗಲಿ ಬಿದ್ದಾಗ ಅವನಿಗಿನ್ನೂ 12 ವರ್ಷ. ಅವನಿಗೆ ಆಸರೆಯಾದವನು ಅದೇ ದಳದ ಅಧಿಕಾರಿ, ಪೆಂಬ್ರೋಕ್ ಅರ್ಲ್ ಎಂಬ ಶ್ರೀಮಂತ. ಕುದುರೆಯನ್ನು ಬಡಿದು ಅಲ್ಲ, ತಾಳ್ಮೆಯಿಂದ ಪಳಗಿಸಬೇಕು ಎಂದು ಆ ಕಾಲದಲ್ಲೇ ಬರೆದವನು ಅವನು. ಇಂಥವನ ನೆರಳಿನಲ್ಲಿ ಬೆಳೆದದ್ದು ಫ್ಲಾಯ್ಡ್‌ನ ದೊಡ್ಡ ಭಾಗ್ಯ ಎಂದೇ ನನ್ನ ಎಣಿಕೆ.

1782ರಲ್ಲಿ ಅವನು 23ನೇ ಲೈಟ್ ಡ್ರಗೂನ್ಸ್ ದಳದೊಂದಿಗೆ ಮದ್ರಾಸಿಗೆ ಬಂದ. ಭಾರತಕ್ಕೆ ಬಂದ ಮೊದಲ ಬ್ರಿಟಿಷ್ ರಾಜಸೇನೆಯ ಅಶ್ವದಳ ಅದು. ಮುಂದೆ ಅದಕ್ಕೆ 19ನೇ ದಳವೆಂದು ಹೆಸರಾಯಿತು.

ಇಲ್ಲಿ ಸ್ವಲ್ಪ ವೈದ್ಯಕೀಯ ಹೇಳಲೇಬೇಕು. 400 ಕಿಲೋ ತೂಕದ, ದುಡಿಯುವ ಕುದುರೆಗೆ ದಿನಕ್ಕೆ 8ರಿಂದ 10 ಕಿಲೋ ಒಣಮೇವು ಮತ್ತು ಧಾನ್ಯ, 30-40 ಲೀಟರ್ ನೀರು ಬೇಕು. ಎತ್ತು ಗಬಗಬನೆ ತಿಂದು ಆಮೇಲೆ ಮೆಲುಕು ಹಾಕುತ್ತದೆ. ಕುದುರೆಗೆ ಆ ಸೌಕರ್ಯವಿಲ್ಲ. ಅದರ ಜಠರ ಚಿಕ್ಕದು, ದಿನದ ಬಹುಪಾಲು ಮೇಯುತ್ತಲೇ ಇರಬೇಕು, ತಿಂದದ್ದನ್ನು ವಾಂತಿ ಮಾಡಲೂ ಆಗದು. ಹಸಿದ ಕುದುರೆಗೆ ಒಮ್ಮೆಲೇ ಧಾನ್ಯ ಸುರಿದರೆ ಹೊಟ್ಟೆಶೂಲೆ ಬಂದು ಸಾಯಬಹುದು. ಮದ್ರಾಸ್ ಕಡೆ ಹುರುಳಿಯನ್ನು ಬೇಯಿಸಿ ಕೊಡುತ್ತಿದ್ದುದು ಅದಕ್ಕೇ. ಸವಾರ, ಜೀನು, ಆಯುಧ ಸೇರಿ ನೂರು ಕಿಲೋ ದಾಟುವ ಹೊರೆ ಬೆನ್ನ ಮೇಲೆ. ಸಾವಿರಾರು ಕುದುರೆಗಳಿಗೆ ಇಷ್ಟೆಲ್ಲ ಒದಗಿಸುತ್ತ ಶತ್ರುವಿನ ನೆಲದಲ್ಲಿ ನಡೆಯಬೇಕು.

ಟಿಪ್ಪು ಇದನ್ನು ಚೆನ್ನಾಗಿ ಬಲ್ಲವನು. 1790ರ ಸೆಪ್ಟೆಂಬರಿನಲ್ಲಿ ಸತ್ಯಮಂಗಲದ ಬಳಿ ಅವನ ಫಿರಂಗಿಗಳ ಹೊಡೆತಕ್ಕೆ ಫ್ಲಾಯ್ಡ್‌ನ ತೋಪು ಎಳೆಯುವ ಎತ್ತುಗಳು ಸತ್ತವು. ಕೆಲವು ತೋಪುಗಳನ್ನು ಅಲ್ಲೇ ಬಿಟ್ಟು ಅವನು ಕೊಯಮತ್ತೂರಿನ ಕಡೆ ಹಿಂದೆ ಸರಿಯಬೇಕಾಯಿತು. 1791ರ ಮಾರ್ಚ್ 6ರಂದು ಬೆಂಗಳೂರಿನ ಹೊರಗೆ ಅವನು ಟಿಪ್ಪುವಿನ ಸರಕು ಸಾಗಣೆಯ ಸಾಲು ಕಂಡು ಬೆನ್ನಟ್ಟಿ ಹಳ್ಳದಿಣ್ಣೆಗಳ ನೆಲದಲ್ಲಿ ಸಿಕ್ಕಿಬಿದ್ದ. ಮುಖಕ್ಕೆ ಗುಂಡು ತಗುಲಿತು, ದಳ ಚೆಲ್ಲಾಪಿಲ್ಲಿಯಾಯಿತು, ಗೌಡಿ ಎಂಬ ಬ್ರಿಟಿಷ್ ಅಧಿಕಾರಿಯ ಕಾಲಾಳುಗಳು ಬಂದು ಬೆನ್ನು ಕಾಯಬೇಕಾಯಿತು. ಸತ್ತ ಆಳುಗಳಿಗಿಂತ ಕಳೆದ ಕುದುರೆಗಳೇ ಹೆಚ್ಚು. ಅಂಥ ನೆಲದಲ್ಲಿ ನಾಗಾಲೋಟಕ್ಕೆ ಬಿಡುವುದು ದುಡುಕು. ಎಷ್ಟೇ ಪಳಗಿದ ಕುದುರೆಯಾದರೂ ಕಣಿವೆಯಂಚಿನಲ್ಲಿ ಕಾಲು ಮುರಿದುಕೊಳ್ಳುತ್ತದೆ.

ಎರಡು ತಿಂಗಳ ನಂತರ ಶ್ರೀರಂಗಪಟ್ಟಣದ ಮುಂದೆ ಇಡೀ ಸೈನ್ಯವೇ ಹಸಿವಿಗೆ ಸೋತಿತು. ಟಿಪ್ಪು ದಾರಿಯ ಮೇವು ಸುಡಿಸಿದ್ದ. ಅರಕೆರೆಯಲ್ಲಿ ಗೆದ್ದರೂ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತನ್ನ ಮುತ್ತಿಗೆಯ ತೋಪುಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. ಹಿಂದಿರುಗುವ ದಾರಿಯಲ್ಲಿ ಸೇರಿಕೊಂಡ, ಬ್ರಿಟಿಷರ ಮಿತ್ರರಾದ ಮರಾಠರ ಬಜಾರಿನ ಧಾನ್ಯ ಉಳಿದವರ ಜೀವ ಹಿಡಿಯಿತು. ಇತ್ತ ಮೈಸೂರಿನವರ ತೋಪುಗಳನ್ನು ಎಳೆಯುತ್ತಿದ್ದುದು ಅಮೃತಮಹಲ್ ಎತ್ತುಗಳು. ಅವುಗಳ ವೇಗ, ಕಷ್ಟಸಹಿಷ್ಣುತೆ ಕಂಡ ಬ್ರಿಟಿಷರು 1799ರ ನಂತರ ಆ ಹಿಂಡನ್ನೇ ತಮ್ಮದಾಗಿಸಿಕೊಂಡರು.

1799ರಲ್ಲಿ ಫ್ಲಾಯ್ಡ್ ಮೇಜರ್ ಜನರಲ್. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಅವನ ಅಶ್ವದಳದ ದಾಳಿಗೆ ಮೈಸೂರಿನ ಕಾಲಾಳು ಪಡೆಯೊಂದು ನುಚ್ಚುನೂರಾಯಿತು. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಏಪ್ರಿಲಿನ ಓಡಾಟ. ಮೊದಲು ಪಿರಿಯಾಪಟ್ಟಣಕ್ಕೆ ಹೋಗಿ ಬ್ರಿಟಿಷರದೇ ಬೊಂಬಾಯಿ ಸೈನ್ಯವನ್ನು ಕಾವಲಿನಲ್ಲಿ ಕರೆತಂದ. ಶ್ರೀರಂಗಪಟ್ಟಣದ ಮುತ್ತಿಗೆಯ ಶಿಬಿರದಲ್ಲಿ ಅಕ್ಕಿ ಮುಗಿಯುತ್ತ ಬಂದಾಗ, ದವಸ ತರುತ್ತಿದ್ದ ಪಡೆಗಳನ್ನು ಕೂಡಿಕೊಳ್ಳಲು ಕಾವೇರಿಪುರದತ್ತ ಹೊರಟ. ಮೇ 4ರಂದು ಬ್ರಿಟಿಷ್ ಜನರಲ್ ಬೇರ್ಡ್ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದಾಗ ಫ್ಲಾಯ್ಡ್ ಅಲ್ಲಿರಲಿಲ್ಲ. ಸವಾರರೊಂದಿಗೆ ಆ ದವಸದ ಕೆಲಸದಲ್ಲಿದ್ದ. ಕೀರ್ತಿಯೆಲ್ಲ ನುಗ್ಗಿದವರ ಪಾಲಾದದ್ದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಬಣಜಾರರ, ಅಂದರೆ ಎತ್ತಿನ ಮೇಲೆ ದವಸ ಸಾಗಿಸುವ ಅಲೆಮಾರಿ ವ್ಯಾಪಾರಿಗಳ, ಎತ್ತುಗಳಿಗೂ ದವಸದ ಮೂಟೆಗಳಿಗೂ ಕಾವಲಾಗಿ ನಡೆಯುವುದು ಅಶ್ವದಳದ ಅತಿ ಬೇಸರದ ಕೆಲಸ, ಅತಿ ಮುಖ್ಯ ಕೆಲಸವೂ ಅದೇ.

ಆಮೇಲೆ ಅವನು ತಾಯ್ನಾಡಿಗೆ ಮರಳಿದ, ಐರ್ಲೆಂಡಿನಲ್ಲಿ ಸೇವೆ ಮಾಡಿದ. 1816ರಲ್ಲಿ ಬ್ಯಾರೊನೆಟ್ ಎಂಬ ವಂಶಪಾರಂಪರ್ಯ ಗೌರವ ಪದವಿ ಸಿಕ್ಕಿತು, 1818ರಲ್ಲಿ ತೀರಿಕೊಂಡ. ಅವನ ಮಗಳು ಜೂಲಿಯಾ ಮದುವೆಯಾದದ್ದು ಮುಂದೆ ಬ್ರಿಟನ್ನಿನ ಪ್ರಧಾನಿಯಾದ ರಾಬರ್ಟ್ ಪೀಲ್‌ನನ್ನು.