ಕಪ್ಪು ಕೈಗೆ ಹಳದಿ ನೇಲ್ ಪಾಲಿಶ್ ಒಪ್ಪುತ್ತಾ?

ಪ್ರಶ್ನೆ: "ಅಕ್ಕಾ, ಯುಗಾದಿಗೆ ಹಳದಿ ಸೀರೆ ತಗೊಂಡೀನಿ. ಉಗುರಿಗೂ ಹಳದಿ ಹಚ್ಚಬೇಕಂತ ಆಸೆ. ಆದರ ನನ್ನ ಕೈ ಕಪ್ಪು. ಕಪ್ಪು ಕೈಗೆ ಹಳದಿ ಒಪ್ಪಂಗಿಲ್ಲ ಅಂತ ಮನ್ಯಾಗ ಎಲ್ಲರೂ ಅಂತಾರ. ಯಾವ ಡಿಸೈನ್ ಹಾಕಿದ್ರ ಚಂದ ಕಾಣ್ತದ?" (ಸಿಂಧನೂರು ಕಡೆಯ ಓದುಗರು)

ಒಪ್ಪುತ್ತದೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಡಿಸೈನ್ ವಿಷಯಕ್ಕೆ ಆಮೇಲೆ ಬರೋಣ.

ಹೋಳಿ ಮುಗಿದು ಯುಗಾದಿ ಹತ್ತಿರ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಗಂಗಾವತಿಯಿಂದ ಬರುತ್ತದೆ, ಸಿರುಗುಪ್ಪದಿಂದ ಬರುತ್ತದೆ, ಮಾನ್ವಿಯಿಂದ ಬರುತ್ತದೆ. ಬಳ್ಳಾರಿಯಲ್ಲಿ ನನ್ನ ಹತ್ತಿರ ಪಾರ್ಲರ್ ಕೆಲಸ ಕಲಿಯಲು ಬರುವ ಹುಡುಗಿಯರೂ ಇದನ್ನೇ ಕೇಳುತ್ತಾರೆ. ಕೆಲವರು ಕೇಳುವುದೂ ಇಲ್ಲ. ಗಿರಾಕಿಯ ಕೈ ನೋಡಿ, ಸುಮ್ನೆ ಹಳದಿ ಬಾಟಲಿ ಹಿಂದಕ್ಕಿಟ್ಟು ಮರೂನ್ ಕೈಗೆತ್ತಿಕೊಳ್ಳುತ್ತಾರೆ. ಪ್ರಶ್ನೆಗಿಂತ ಅದೇ ನನಗೆ ಜಾಸ್ತಿ ಬೇಸರ. ಎದುರಿಗೆ ಕೂತವಳಿಗೆ ತನ್ನ ಬಣ್ಣ ಆರಿಸುವ ಅವಕಾಶವೇ ಸಿಗುವುದಿಲ್ಲ, ಅಲ್ವಾ?

ಈ ನಂಬಿಕೆ ಸುಳ್ಳು. ಆದರೆ ಅದು ಹುಟ್ಟಿದ್ದಕ್ಕೆ ಒಂದು ಕಾರಣ ಇದೆ. ಹಳದಿ ಹಚ್ಚಿಕೊಂಡ ಕೈ ಕೆಟ್ಟದಾಗಿ ಕಂಡದ್ದನ್ನು ಜನ ನಿಜವಾಗಿಯೂ ನೋಡಿದ್ದಾರೆ. ಅವರ ಕಣ್ಣು ತಪ್ಪಿಲ್ಲ. ತಪ್ಪಿರುವುದು ಕಾರಣ ಹುಡುಕಿದ ಜಾಗ. ಕೆಟ್ಟದಾಗಿ ಕಂಡಿದ್ದು ಹಚ್ಚಿದ ರೀತಿಯಿಂದ. ಅದನ್ನು ಚರ್ಮದ ತಲೆಗೆ ಕಟ್ಟಿದರು.

ಕೆಂಪು, ಮರೂನ್ ಬಣ್ಣಗಳು ಒಂದೇ ಸಲಕ್ಕೆ ಉಗುರನ್ನು ಮುಚ್ಚಿಬಿಡುತ್ತವೆ. ಹಳದಿ ಹಾಗಲ್ಲ. ಗಾಢ ಹಳದಿ ಬಣ್ಣದ ಪುಡಿಗಳು ಸಾಮಾನ್ಯವಾಗಿ ಅರೆಪಾರದರ್ಶಕ. ಕಂಪನಿಯವರು ಬಿಳಿ ಸೇರಿಸಿದರೆ ಚೆನ್ನಾಗಿ ಮುಚ್ಚುತ್ತದೆ, ಆದರೆ ಬಣ್ಣ ಪೇಲವವಾಗುತ್ತದೆ. ಸೇರಿಸದಿದ್ದರೆ ಬಣ್ಣ ಹೊಳೆಯುತ್ತದೆ, ಆದರೆ ಗೆರೆ ಗೆರೆಯಾಗಿ ನಿಲ್ಲುತ್ತದೆ. ಆ ಗೆರೆಗಳ ನಡುವೆ ಉಗುರಿನ ಕೆಳಗಿನ ಗುಲಾಬಿ ಬಣ್ಣ ಹಣಕುತ್ತದೆ. ಹಳದಿ ಮೇಲೆ, ಗುಲಾಬಿ ಕೆಳಗೆ. ನೋಡುವವರಿಗೆ ಉಗುರು ಮಾಸಿದ ಹಾಗೆ, ತೊಳೆಯದ ಹಾಗೆ ಕಾಣುತ್ತದೆ. ಬೆಳ್ಳಗಿನ ಕೈಗೆ ಹಾಗೇ ಹಚ್ಚಿ ನೋಡಿ, ಅಲ್ಲೂ ಮಾಸಿದ ಹಾಗೇ ಕಾಣುತ್ತದೆ. ಆದರೆ ಅಲ್ಲಿ "ಪಾಲಿಶ್ ಸರಿ ಇಲ್ಲ" ಅನ್ನುತ್ತಾರೆ. ಇಲ್ಲಿ "ಕೈ ಕಪ್ಪು" ಅನ್ನುತ್ತಾರೆ. ಅನ್ಯಾಯ ಇರುವುದು ಇಲ್ಲಿಯೇ.

ಇದಕ್ಕೆ ಪರಿಹಾರ ಸುಲಭ. ಮೊದಲು ಬೇಸ್ ಕೋಟ್, ಅಂದರೆ ಬಣ್ಣ ಉಗುರಿಗೆ ಇಳಿಯದಂತೆ ಕೆಳಗೆ ಹಚ್ಚುವ ಪದರ. ಅದು ಒಣಗಿದ ಮೇಲೆ ಬಿಳಿ ಪಾಲಿಶ್ ತೆಳ್ಳಗೆ ಒಂದು ಸಲ. ಅದರ ಮೇಲೆ ಹಳದಿ ಎರಡು ಸಲ, ಎರಡೂ ತೆಳ್ಳಗೆ. ಕೊನೆಗೆ ಟಾಪ್ ಕೋಟ್, ಅಂದರೆ ಬಣ್ಣದ ಮೇಲೆ ಹಚ್ಚುವ ಪಾರದರ್ಶಕ ಪದರ. ಬಿಳಿ ಕೆಳಗಿದ್ದರೆ ಉಗುರಿನ ಗುಲಾಬಿ ಮೇಲೆ ಬರುವುದಿಲ್ಲ, ಹಳದಿ ತನ್ನ ಪೂರ್ತಿ ಬೆಳಕಿನಲ್ಲಿ ನಿಲ್ಲುತ್ತದೆ. ನನ್ನ ಹುಡುಗಿಯರಿಗೆ ಒಂದೇ ಕೈಯಲ್ಲಿ ಎರಡು ಬೆರಳಿಗೆ ಬಿಳಿ ಹಾಕಿ, ಎರಡು ಬೆರಳಿಗೆ ಹಾಕದೆ ಹಚ್ಚಲು ಹೇಳುತ್ತೇನೆ. ಅಷ್ಟು ಸಾಕು, ಆಮೇಲೆ ಯಾರೂ ವಾದ ಮಾಡುವುದಿಲ್ಲ. ಈಗ ನನ್ನ ಕ್ಲಾಸಿನಿಂದ ಹೋದ ಹುಡುಗಿ ಯಾರ ಕೈ ನೋಡಿಯೂ ಹಳದಿ ಬಾಟಲಿ ಬಚ್ಚಿಡುವುದಿಲ್ಲ. ಇದು ನನಗೆ ಹೆಮ್ಮೆ.

ನಮ್ಮ ಕಡೆಯ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಂಚಾಂಗದಲ್ಲಿ ಚೈತ್ರ ಅಂದರೆ ವಸಂತ. ಬಳ್ಳಾರಿ, ರಾಯಚೂರಿನಲ್ಲಿ ಅಷ್ಟೊತ್ತಿಗೆ ಫ್ಯಾನ್ ಗಾಳಿಯೇ ಬಿಸಿ ಇರುತ್ತದೆ. ಪಾಲಿಶ್‌ನಲ್ಲಿರುವ ದ್ರಾವಕ ಬೇಗ ಆರಿಹೋಗಿ ಬಾಟಲಿಯೊಳಗೇ ಬಣ್ಣ ದಪ್ಪವಾಗುತ್ತದೆ. ದಪ್ಪ ಬಣ್ಣ ಹಚ್ಚಿದರೆ ಗೆರೆ ಇನ್ನೂ ಜಾಸ್ತಿ. ತೆಳ್ಳಗೆ ಮಾಡಲು ರಿಮೂವರ್ ಹಾಕಬೇಡಿ, ಪಾಲಿಶ್ ಹಾಳಾಗುತ್ತದೆ. ಅದಕ್ಕಂತಲೇ ನೇಲ್ ಪಾಲಿಶ್ ಥಿನ್ನರ್ ಸಿಗುತ್ತದೆ, ಎರಡು ಹನಿ ಸಾಕು. ಬಾಟಲಿಯನ್ನು ಜೋರಾಗಿ ಅಲುಗಾಡಿಸಬೇಡಿ, ಗುಳ್ಳೆ ಏಳುತ್ತದೆ. ಎರಡು ಅಂಗೈ ನಡುವೆ ಇಟ್ಟು ಉರುಳಿಸಿ. ಹಚ್ಚುವಾಗ ಫ್ಯಾನ್ ಕೆಳಗೆ ಕೂರಬೇಡಿ.

ಇನ್ನು ಬಣ್ಣದ ಲೆಕ್ಕಕ್ಕೆ ಬರೋಣ. ಮಿಷೆಲ್ ಯೂಜೀನ್ ಶೆವ್ರಲ್ ಅಂತ ಫ್ರಾನ್ಸಿನ ಒಬ್ಬ ರಸಾಯನ ವಿಜ್ಞಾನಿ. 1824ರಲ್ಲಿ ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥರಾದರು. ಅಲ್ಲಿ ಕಪ್ಪು ನೂಲು ಸಪ್ಪೆಯಾಗಿ ಕಾಣುತ್ತದೆ ಅಂತ ದೂರು ಬರುತ್ತಿತ್ತು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷವೇ ಇಲ್ಲ. ಪಕ್ಕದಲ್ಲಿ ನೇಯ್ದ ಬಣ್ಣದಿಂದಾಗಿ ಕಪ್ಪು ಸಪ್ಪೆಯಾಗಿ ಕಾಣುತ್ತಿತ್ತು. ಒಂದು ಬಣ್ಣ ಹೇಗೆ ಕಾಣುತ್ತದೆ ಅನ್ನುವುದನ್ನು ಪಕ್ಕದ ಬಣ್ಣವೂ ನಿರ್ಧರಿಸುತ್ತದೆ ಅಂತ ಅವರು 1839ರಲ್ಲಿ ವಿವರವಾಗಿ ಬರೆದರು. ತಿಳಿ ಬಣ್ಣವನ್ನು ಗಾಢ ಬಣ್ಣದ ಪಕ್ಕ ಇಟ್ಟರೆ ತಿಳಿ ಇನ್ನೂ ತಿಳಿಯಾಗಿ, ಗಾಢ ಇನ್ನೂ ಗಾಢವಾಗಿ ಕಾಣುತ್ತದೆ.

ಬಳ್ಳಾರಿಯವರಿಗೆ ಇದನ್ನು ಫ್ರಾನ್ಸಿನವರು ಹೇಳಬೇಕಿಲ್ಲ. ನಮ್ಮೂರಲ್ಲಿ ಹೊಲಿಯುವ ಜೀನ್ಸ್ ಪ್ಯಾಂಟಿನ ಜೇಬಿನ ಹೊಲಿಗೆ ನೋಡಿ. ಕಡು ನೀಲಿ ಬಟ್ಟೆ, ಮೇಲೆ ಸಾಸಿವೆ ಹಳದಿ ದಾರ. ದೂರದಿಂದಲೇ ಎದ್ದು ಕಾಣುತ್ತದೆ. ಅದೇ ದಾರವನ್ನು ಬಿಳಿ ಅಂಗಿಗೆ ಹಾಕಿದರೆ ಹುಡುಕಬೇಕಾಗುತ್ತದೆ. ಕಪ್ಪು ಕೈ ಮೇಲಿನ ಹಳದಿಗೂ ಇದೇ ಲೆಕ್ಕ. ಹಾಗೆ ನೋಡಿದರೆ ತಿಳಿ ಹಳದಿಗೆ ಕಷ್ಟ ಆಗುವುದು ಬೆಳ್ಳಗಿನ ಕೈಯಲ್ಲಿ. ಅಲ್ಲಿ ಬಣ್ಣ ಹಚ್ಚಿದ್ದೇ ಗೊತ್ತಾಗುವುದಿಲ್ಲ.

ಮತ್ತೊಂದು ವಿಷಯ ಕೇಳಿದರೆ ಹೆಚ್ಚಿನವರಿಗೆ ಆಶ್ಚರ್ಯ ಆಗುತ್ತದೆ. ಕಂದು ಅನ್ನುವುದು ಬೇರೆಯೇ ಬಣ್ಣ ಅಲ್ಲ. ಕಿತ್ತಳೆಯ ಬೆಳಕು ಕಡಿಮೆ ಮಾಡಿದರೆ ಅದೇ ಕಂದು. ಮನುಷ್ಯರ ಚರ್ಮ ಎಷ್ಟೇ ಬೆಳ್ಳಗಿರಲಿ, ಎಷ್ಟೇ ಕಪ್ಪಗಿರಲಿ, ಬಹುಪಾಲು ಈ ಕಿತ್ತಳೆಯ ಕಡೆಗೇ ಬರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿಯಾದ ಹಾಗೆ ಗಾಢವಾಗುತ್ತದೆ, ಅಷ್ಟೇ. ಹಳದಿ ಕಿತ್ತಳೆಯ ಪಕ್ಕದ ಬಣ್ಣ. ಅಂದರೆ ನಿಮ್ಮ ಕೈಗೂ ಹಳದಿಗೂ ಮೊದಲೇ ನೆಂಟಸ್ತನ ಇದೆ. ನೆಂಟಸ್ತನವೂ ಇದೆ, ಎದ್ದು ಕಾಣುವ ಗುಣವೂ ಇದೆ. ಇಷ್ಟು ಅನುಕೂಲ ಬೇರೆ ಬಣ್ಣಕ್ಕೆ ಸಿಗುವುದು ಕಡಿಮೆ.

ಇಷ್ಟಾದರೂ ನಂಬಿಕೆ ಬಾರದಿದ್ದರೆ ಸುತ್ತ ನೋಡಿ. ಮದುವೆಯಲ್ಲಿ ಅರಿಶಿನ ಹಚ್ಚುವಾಗ ಮದುಮಗಳ ಬಣ್ಣ ಕೇಳುತ್ತೇವಾ? ಭರತ ಹುಣ್ಣಿಮೆಗೆ ಮೈಲಾರಕ್ಕೆ ಹೋದವರು ಭಂಡಾರ ಹಚ್ಚಿಕೊಂಡು ಬರುತ್ತಾರೆ. ಹೊಲದಲ್ಲಿ ದುಡಿದು ಕಪ್ಪಾದ ಮುಖಗಳ ಮೇಲೆ ಆ ಹಳದಿ ಎಷ್ಟು ಚಂದ! ಜಡೆಗೆ ಸೇವಂತಿಗೆ ಮುಡಿದ ನಮ್ಮ ಅವ್ವಂದಿರನ್ನು ನೋಡಿ "ಒಪ್ಪಲ್ಲ" ಅಂದವರು ಯಾರಾದರೂ ಇದ್ದಾರಾ? ಹಣೆಗೆ, ಕೆನ್ನೆಗೆ, ತಲೆಗೆ ಒಪ್ಪಿದ ಹಳದಿ ಉಗುರಿಗೆ ಬಂದಾಗ ಮಾತ್ರ ಒಪ್ಪುವುದಿಲ್ಲ ಅಂದರೆ ಆ ಮಾತು ಬೇರೆ ಕಡೆಯಿಂದ ಬಂದಿದೆ. ಎಲ್ಲಿಂದ ಅಂತ ನನಗೆ ಗೊತ್ತು. ಫೇರ್ ಅಂಡ್ ಲವ್ಲಿ ಕ್ರೀಮು ನಮ್ಮ ದೇಶಕ್ಕೆ ಬಂದಿದ್ದು 1975ರಲ್ಲಿ. ಹೆಸರಿನಿಂದ ಫೇರ್ ತೆಗೆದು ಗ್ಲೋ ಅಂತ ಮಾಡಿದ್ದು 2020ರಲ್ಲಿ. ನಡುವಿನ 45 ವರ್ಷ ಮನೆ ಮನೆಯ ಟಿವಿಯಲ್ಲಿ, ಪೇಪರಿನಲ್ಲಿ ಬೆಳ್ಳಗಿರುವುದೇ ಚಂದ ಅಂತ ಕೇಳಿಸಿಕೊಂಡಿದ್ದೇವೆ. ನೇಲ್ ಪಾಲಿಶ್ ಜಾಹೀರಾತಿನಲ್ಲೂ ಹೆಚ್ಚಾಗಿ ಬೆಳ್ಳಗಿನ ಕೈಗಳೇ. ನಮ್ಮ ಕೈ ಮೇಲೆ ಆ ಬಣ್ಣ ಹೇಗಿರುತ್ತದೆ ಅಂತ ನೋಡುವ ಅಭ್ಯಾಸವೇ ಕಣ್ಣಿಗೆ ಬರಲಿಲ್ಲ.

ಶೇಡ್ ಆರಿಸುವಾಗ ಒಂದು ಮಾತು ನೆನಪಿರಲಿ. ಬಿಳಿ ಜಾಸ್ತಿ ಸೇರಿದ ಪೇಲವ ಹಳದಿ ಕೆಲವು ಕೈಗಳಲ್ಲಿ ಸುಣ್ಣ ಬಳಿದಂತೆ ಕಾಣಬಹುದು. ಹೊಳಪಿಲ್ಲದ ಮ್ಯಾಟ್ ಪಾಲಿಶ್ ಆದರೆ ಇನ್ನೂ ಹಾಗೆ. ಹೊಳೆಯುವ ಟಾಪ್ ಕೋಟ್ ಹಾಕಿದರೆ ಬಹಳಷ್ಟು ಸರಿಹೋಗುತ್ತದೆ. ಅರಿಶಿನ ಹಳದಿ, ಸಾಸಿವೆ ಹಳದಿ, ಮಾವಿನ ಹಣ್ಣಿನ ಹಳದಿ ಕಣ್ಣು ಮುಚ್ಚಿ ಹಚ್ಚಬಹುದು. ಬಣ್ಣಕ್ಕಿಂತ ಮೊದಲು ಉಗುರಿನ ಬುಡದ ಚರ್ಮ ನೋಡಿಕೊಳ್ಳಿ. ನಮ್ಮ ಒಣ ಹವೆಗೆ ಅದು ಬಿರಿದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಪಾಲಿಶ್ ಹಚ್ಚುವ ಮುಂಚೆ ಮಾತ್ರ ಉಗುರಿನ ಮೇಲಿನ ಎಣ್ಣೆಯನ್ನು ರಿಮೂವರ್‌ನಿಂದ ಪೂರ್ತಿ ಒರೆಸಿ. ಇಲ್ಲದಿದ್ದರೆ ಎರಡೇ ದಿನಕ್ಕೆ ಎದ್ದು ಬರುತ್ತದೆ.

ಈಗ ಡಿಸೈನ್. ನನಗೆ ತುಂಬಾ ಇಷ್ಟವಾದದ್ದು ಹತ್ತಿ ಹೂವಿನದು. ಹತ್ತಿ ಹೊಲ ನೋಡಿದವರಿಗೆ ಗೊತ್ತು, ಬೆಳಗ್ಗೆ ತಿಳಿ ಹಳದಿಯಾಗಿ ಅರಳಿದ ಹೂವು ಮರುದಿನಕ್ಕೆ ಗುಲಾಬಿಯಾಗುತ್ತದೆ. ಅದನ್ನೇ ಉಗುರಿಗೆ ತನ್ನಿ. ಸಣ್ಣ ಸ್ಪಂಜಿನ ಮೇಲೆ ಹಳದಿ ಮತ್ತು ಗುಲಾಬಿ ಪಾಲಿಶನ್ನು ಪಕ್ಕ ಪಕ್ಕ ಹಚ್ಚಿ, ಬಿಳಿ ಹಾಕಿದ ಉಗುರಿನ ಮೇಲೆ ಮೆಲ್ಲಗೆ ಒತ್ತಿ. ಬುಡದಲ್ಲಿ ಹಳದಿ, ತುದಿಯಲ್ಲಿ ಗುಲಾಬಿ, ನಡುವೆ ಎರಡೂ ಬೆರೆತ ಬಣ್ಣ. ಒಂದೇ ಸಲಕ್ಕೆ ಸರಿಯಾಗಿ ಬೆರೆಯುವುದಿಲ್ಲ. ಒಣಗಲು ಬಿಟ್ಟು ಇನ್ನೊಮ್ಮೆ ಒತ್ತಿ. ಚರ್ಮಕ್ಕೆ ತಾಗಿದ್ದನ್ನು ರಿಮೂವರ್ ಅದ್ದಿದ ಕಿವಿ ಕಡ್ಡಿಯಿಂದ ಒರೆಸಿ.

ಕಾಲೇಜು ಹುಡುಗಿಯರಿಗೆ ಜೀನ್ಸ್ ಹೊಲಿಗೆ ಡಿಸೈನ್ ಹೇಳುತ್ತೇನೆ. ನಾಲ್ಕು ಉಗುರಿಗೆ ಹಳದಿ, ಉಂಗುರದ ಬೆರಳಿಗೆ ಕಡು ನೀಲಿ. ಆ ನೀಲಿಯ ಅಂಚಿಗೆ ಹಳದಿಯಲ್ಲಿ ಸಣ್ಣ ಸಣ್ಣ ಅಡ್ಡ ಗೆರೆ. ಟೂತ್‌ಪಿಕ್ ಸಾಕು. ಸಂಡೂರಿನ ಲಂಬಾಣಿ ಕಸೂತಿ ನೋಡಿದ್ದರೆ ಅದರ ಚುಕ್ಕಿ, ಗೆರೆಗಳನ್ನೂ ತೆಗೆದುಕೊಳ್ಳಬಹುದು. ಹಳದಿ ಮೇಲೆ ಕೆಂಪು ಮತ್ತು ನೀಲಿ ಚುಕ್ಕಿ, ನಡುವೆ ಕನ್ನಡಿ ಬದಲು ಒಂದು ಬೆಳ್ಳಿ ಚುಕ್ಕಿ. ಕೊಪ್ಪಳದವರಾದರೆ ಕಿನ್ನಾಳದ ಗೊಂಬೆಗಳ ಹಳದಿ, ಹಸಿರು, ಕೆಂಪು ಜೋಡಣೆ ಕಣ್ಣ ಮುಂದೆಯೇ ಇದೆ.

ನಿಮ್ಮದು ಹಳದಿ ಸೀರೆ ಅಲ್ವಾ? ಹಾಗಾದರೆ ಸೀರೆಯ ಹಳದಿಯನ್ನೇ ಉಗುರಿಗೆ ಹುಡುಕುತ್ತಾ ಅಂಗಡಿ ಅಂಗಡಿ ಸುತ್ತಬೇಡಿ. ಒಂದು ಛಾಯೆ ಗಾಢ ಇರಲಿ. ಉಗುರಿನ ತುದಿಗೆ ಸೀರೆಯ ಅಂಚಿನ ಬಣ್ಣ ಒಂದು ಗೆರೆ ಎಳೆಯಿರಿ. ಮಾವಿನ ತೋರಣದ ಹಾಗೆ ಹಸಿರು ತುದಿ ಕೂಡ ಯುಗಾದಿಗೆ ಬಹಳ ಹೊಂದುತ್ತದೆ. ಹೋಳಿಗೆ ಕಣಕ ನಾದುವುದು ನಿಮ್ಮ ಪಾಲಿಗೆ ಬಂದಿದ್ದರೆ ಹಿಂದಿನ ರಾತ್ರಿಯೇ ಹಚ್ಚಿ ಮುಗಿಸಿ. ಹಳದಿಯ ಲಾಭ ಅಡುಗೆಮನೆಯಲ್ಲಿ ಗೊತ್ತಾಗುತ್ತದೆ. ಬಿಳಿ ಪಾಲಿಶ್‌ಗೆ ಅರಿಶಿನ ಹತ್ತಿದರೆ ಎದ್ದು ಕಾಣುತ್ತದೆ, ಹಳದಿಗೆ ಹತ್ತಿದರೆ ಕಾಣುವುದೇ ಇಲ್ಲ.

ಜೆಲ್ ಪಾಲಿಶ್ ಹಾಕಿಸುವವರಿಗೂ ಕೆಳಗೆ ಬಿಳಿ ಹಾಕುವ ನಿಯಮ ಇದೇ. ತೆಗೆಯುವಾಗ ಮಾತ್ರ ಸಿಪ್ಪೆ ಸುಲಿದಂತೆ ಕೀಳಬೇಡಿ, ಉಗುರಿನ ಪದರವೂ ಜೊತೆಗೆ ಬರುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಬಣ್ಣ ತೆಗೆದ ಮೇಲೆ ಉಗುರೇ ಹಳದಿ ಆಗಿದ್ದರೆ? ಬೇಸ್ ಕೋಟ್ ಇಲ್ಲದೆ ಹಚ್ಚಿದರೆ ಪಾಲಿಶ್‌ನ ಬಣ್ಣ ಉಗುರಿಗೆ ಇಳಿಯುತ್ತದೆ. ಹಳದಿಗಿಂತ ಕೆಂಪು ಮತ್ತು ಗಾಢ ಬಣ್ಣಗಳಿಂದಲೇ ಇದು ಜಾಸ್ತಿ. ಕಲೆ ಹೋಗಲಿ ಅಂತ ಬ್ಲೇಡಿನಿಂದ ಕೆರೆಯಬೇಡಿ. ನಿಂಬೆ ರಸ ತಿಕ್ಕಿಕೊಂಡು ಬಿಸಿಲಿಗೆ ಹೋಗಬೇಡಿ, ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಕಲೆ ಬೆಳೆಯುತ್ತಾ ತುದಿಗೆ ಬರುತ್ತದೆ, ಕತ್ತರಿಸಿದರೆ ಹೋಯಿತು. ಪೂರ್ತಿ ಹೊಸ ಉಗುರು ಬರಲು ನಾಲ್ಕರಿಂದ ಆರು ತಿಂಗಳು.

ಆದರೆ ಪಾಲಿಶ್ ಹಚ್ಚದಿದ್ದರೂ ಉಗುರು ಹಳದಿಯಾಗಿ, ದಪ್ಪವಾಗಿ, ಪುಡಿ ಪುಡಿಯಾಗಿ ಉದುರುತ್ತಿದ್ದರೆ ಅದು ಬೇರೆ ವಿಷಯ. ಫಂಗಸ್ ಸೋಂಕು ಇರಬಹುದು. ಕಾಲುಗುರಿಗೆ ಜಾಸ್ತಿ ಬರುತ್ತದೆ. ಭತ್ತದ ನಾಟಿಗೆ ಹೋಗಿ ದಿನವಿಡೀ ಕೆಸರಲ್ಲಿ ಕೈಕಾಲು ನೆನೆಸುವ ಹೆಣ್ಣುಮಕ್ಕಳು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸೋರಿಯಾಸಿಸ್ ಅನ್ನುವ ಚರ್ಮರೋಗದಿಂದಲೂ ಉಗುರು ಹೀಗಾಗುತ್ತದೆ. ಕಾಮಾಲೆ ಅಂತ ಹೆದರುವವರು ಉಗುರು ನೋಡುವುದು ಬಿಟ್ಟು ಕಣ್ಣಿನ ಬಿಳಿ ಭಾಗ ನೋಡಿ, ಅದು ಹಳದಿಯಾಗಿದ್ದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಸೋಂಕಾದ ಉಗುರನ್ನು ಚಂದದ ಬಣ್ಣದಿಂದ ಮುಚ್ಚಿ ಬರುವವರನ್ನು ನಾನು ಬಹಳ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಅಲ್ಲಿನ ಆಸ್ಪತ್ರೆಯಲ್ಲಿ ಚರ್ಮರೋಗದ ಡಾಕ್ಟರಿಗೆ ತೋರಿಸಬಹುದು. ಔಷಧಿ ತಿಂಗಳುಗಟ್ಟಲೆ ಬೇಕಾಗಬಹುದು, ನಡುವೆ ಬಿಡಬಾರದು. ಹೋಗುವ ದಿನ ಎಲ್ಲಾ ಬೆರಳಿನ ಪಾಲಿಶ್ ತೆಗೆದು ಹೋಗಿ, ಕಾಲಿನದೂ ಸೇರಿ. ಬಣ್ಣ ಇದ್ದರೆ ಅವರಿಗೆ ಉಗುರು ಕಾಣುವುದಿಲ್ಲ.